ಬಿಸಿಯಾಗದ ಕಾರು

ಕಾರಿನ ಹೀಟರ್ ಕೆಟ್ಟಿದೆ ಎಂದು ಹಾಸನದ ಕಡೆಯವರ ಹತ್ತಿರ ಹೇಳಿ ನೋಡಿ, ನಕ್ಕುಬಿಡುತ್ತಾರೆ. ಅಲ್ಲಿ ಬೇಕಾದವರು ಎ.ಸಿ. ಹಾಕಿಕೊಳ್ಳುತ್ತಾರೆ, ಬೇಡದವರು ಗಾಜು ಇಳಿಸುತ್ತಾರೆ. ಡ್ಯಾಶ್‌ಬೋರ್ಡಿನ ಆ ಗುಂಡಿಯ ಮೇಲೆ ನೀಲಿ ಗೆರೆಯ ಜೊತೆಗೆ ಒಂದು ಕೆಂಪು ಗೆರೆಯೂ ಇದೆ ಎನ್ನುವುದು ಡಿಸೆಂಬರಿನ ಮಂಜಿನಲ್ಲಿ ಸಕಲೇಶಪುರ ದಾಟುವಾಗಲೂ ಯಾರಿಗೂ ನೆನಪಾಗುವುದಿಲ್ಲ. ಕಿವಿಗೊಂದು ಮಫ್ಲರ್ ಸುತ್ತಿಕೊಂಡರೆ ಚಳಿಗಾಲದ ಏರ್ಪಾಡು ಮುಗಿಯಿತು. ನಾನೀಗ ಇರುವ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಆ ಕೆಂಪು ಗೆರೆ ಬ್ರೇಕಿನಷ್ಟೇ ಮುಖ್ಯ. ಜನವರಿಯಲ್ಲಿ ಹೀಟರ್ ಇಲ್ಲದ ಕಾರಿನಲ್ಲಿ ಕೂತರೆ ಮೊದಲು ಸೋಲುವುದು ಕೈಕಾಲಲ್ಲ, ಕಣ್ಣು. ನಾವು ಬಿಡುವ ಉಸಿರೇ ಮುಂದಿನ ಗಾಜಿನ ಒಳಮೈಗೆ ಅಂಟಿ, ಅಲ್ಲೇ ಹೆಪ್ಪುಗಟ್ಟಿ, ಬಿಳಿ ಪರದೆಯಾಗುತ್ತದೆ. ಹೊರಗಿನ ಐಸನ್ನು ಕೆರೆದು ತೆಗೆಯಬಹುದು. ಒಳಗಿನದನ್ನು ಓಡಿಸುತ್ತಾ ಕೆರೆಯುವುದು ಹೇಗೆ?

ಹೀಟರ್ ಎಂಬ ಹೆಸರೇ ಸ್ವಲ್ಪ ಮೋಸದ್ದು. ಪೆಟ್ರೋಲ್ ಕಾರಿನಲ್ಲಿ ಬಿಸಿ ಹುಟ್ಟಿಸುವುದಕ್ಕೆಂದೇ ಬೇರೆ ಯಂತ್ರವೇನೂ ಇರುವುದಿಲ್ಲ. ಎಂಜಿನ್ನು ಸುಡುವ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ. ಉಳಿದದ್ದೆಲ್ಲ ಬಿಸಿಯಾಗಿ ವ್ಯರ್ಥ. ಅದರಲ್ಲಿ ಒಂದು ಪಾಲು ಹೊಗೆ ಕೊಳವೆಯಲ್ಲಿ ಹೋಗುತ್ತದೆ, ಇನ್ನೊಂದು ಪಾಲನ್ನು ಎಂಜಿನ್ನಿನ ಸುತ್ತ ಹರಿಯುವ ಕೂಲಂಟ್ ಹೊತ್ತುಕೊಂಡು ರೇಡಿಯೇಟರಿಗೆ ಹೋಗಿ ಗಾಳಿಗೆ ಸುರಿಯುತ್ತದೆ. ಆ ಕೂಲಂಟಿನ ಒಂದು ಸಣ್ಣ ಕವಲನ್ನು ಎರಡು ರಬ್ಬರ್ ಪೈಪುಗಳಲ್ಲಿ ಡ್ಯಾಶ್‌ಬೋರ್ಡಿನ ಹಿಂದೆ ತಂದು, ಅಲ್ಲೊಂದು ಅಂಗೈಯಗಲದ ರೇಡಿಯೇಟರ್ ಇಟ್ಟು, ಅದರ ಮೇಲೆ ಫ್ಯಾನ್ ಬೀಸಿದರೆ ಅದೇ ಹೀಟರ್. ಎಂಜಿನ್ನು ಉಂಡು ಬಿಟ್ಟದ್ದರಲ್ಲಿ ನಮಗೊಂದು ತುತ್ತು, ಅಷ್ಟೆ. ಕಾರಿನ ಹೀಟರ್ ಕಂಡುಹಿಡಿದವರು ಶಿಕಾಗೋದ ಮಾರ್ಗರೆಟ್ ವಿಲ್ಕಾಕ್ಸ್ ಎಂದು ಬಹಳ ಕಡೆ ಬರೆದಿರುತ್ತಾರೆ. ಆಕೆಗೆ 'ಕಾರ್ ಹೀಟರ್'ಗೆ ಪೇಟೆಂಟ್ ಸಿಕ್ಕಿದ್ದು 1893ರಲ್ಲಿ. ಅದೇ ಊರಿನಲ್ಲಿ ವಿವೇಕಾನಂದರು ಭಾಷಣ ಮಾಡಿದ ವರ್ಷ. ಆದರೆ ಆ ಕಾಲಕ್ಕೆ ಅಮೆರಿಕದವರ ಬಾಯಲ್ಲಿ ಕಾರ್ ಅಂದರೆ ಹೆಚ್ಚಾಗಿ ರೈಲಿನ ಬೋಗಿ. ಮೊದಮೊದಲ ಮೋಟಾರು ಕಾರುಗಳಲ್ಲಿ ಓಡಾಡಿದವರಿಗೆ ಕಂಬಳಿ, ಬಿಸಿ ಮಾಡಿದ ಇಟ್ಟಿಗೆ, ಕಾಲಡಿಯ ಕೆಂಡದ ಪೆಟ್ಟಿಗೆ ಇವೇ ಗತಿಯಾಗಿದ್ದವು.

ನನ್ನ ಕಾರು 1994ರದ್ದು. ನನಗಿಂತ ಹಿರಿಯದು. ಇದೇ ವಿಶ್ವವಿದ್ಯಾಲಯದಲ್ಲಿ ಓದಿ ಮುಗಿಸಿ ಹೋದವರ ಕೈಯಿಂದ ಕೈಗೆ ದಾಟುತ್ತಾ ಬಂದು 1,400 ಡಾಲರಿಗೆ ನನ್ನ ಪಾಲಾಯಿತು. ಬಾಗಿಲುಗಳ ಕೆಳಗಂಚನ್ನು ರಸ್ತೆಯ ಉಪ್ಪು ತಿಂದುಹಾಕಿದೆ, ಹಿಂದಿನ ಎಡ ಗಾಜು ಇಳಿಯುವುದಿಲ್ಲ, ಆದರೂ ಓಡುತ್ತದೆ. ನಾನು ಮ್ಯಾಡಿಸನ್‌ನಲ್ಲಿ ಸರೋವರಗಳ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೇನೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಚಳಿಗಾಲದಲ್ಲಿ ಐಸಿನ ಕೆಳಗೆ ನೀರಿನಲ್ಲಿ ಆಮ್ಲಜನಕ ಎಷ್ಟು ಉಳಿದಿರುತ್ತದೆ ಎಂಬುದರ ಮೇಲೆ. ಊರೊಳಗಿನ ಬಾಡಿಗೆ ನನ್ನ ಸ್ಟೈಪೆಂಡಿಗೆ ಎಟುಕುವುದಲ್ಲ. ಹಾಗಾಗಿ ಇಪ್ಪತ್ತು ಕಿಲೋಮೀಟರ್ ಆಚೆಯ ಸನ್ ಪ್ರೇರಿಯಲ್ಲಿ ಒಂದು ಕೋಣೆ. ಸ್ಯಾಂಪಲ್ ತೆಗೆಯುವ ದಿನ ನಸುಕಿಗೇ ಸರೋವರದ ದಡದಲ್ಲಿರಬೇಕು, ಆ ಹೊತ್ತಿಗೆ ಬಸ್ಸಿಲ್ಲ. ಕಾರಿಲ್ಲದಿದ್ದರೆ ಆ ಚಳಿಗಾಲದ ದತ್ತಾಂಶವಿಲ್ಲ. ಐಸಿನ ಮೇಲೆ ಸಂಶೋಧನೆ ಮಾಡುವವರಿಗೆ ಒಂದು ಚಳಿಗಾಲ ಹೋಯಿತೆಂದರೆ ಒಂದು ವರ್ಷವೇ ಹೋಯಿತು.

ಡಿಸೆಂಬರ್ ಕೊನೆಯಲ್ಲಿ ಹೀಟರ್ ಗಾಳಿ ಉಗುರು ಬೆಚ್ಚಗಾಯಿತು. ಜನವರಿ ಎರಡನೇ ವಾರದ ಹೊತ್ತಿಗೆ ತಣ್ಣಗೇ ಬರತೊಡಗಿತು. ಹೊರಗೆ ಮೈನಸ್ 24 ಡಿಗ್ರಿ ಸೆಲ್ಸಿಯಸ್ ಇದ್ದ ಒಂದು ಬೆಳಿಗ್ಗೆ ಹೆದ್ದಾರಿ 151ರಲ್ಲಿ ಹೋಗುತ್ತಿದ್ದಾಗ ಗಾಜಿನ ಒಳಗೆ ಅಂಚಿನಿಂದ ನಡುವಿಗೆ ಬಿಳಿ ಹೂ ಬಿಡುತ್ತಾ ಬಂತು. ಕೊನೆಗೆ ಎದುರು ಉಳಿದದ್ದು ರೊಟ್ಟಿಯಗಲದ ಒಂದು ಕಿಂಡಿ. ಆ ಕಿಂಡಿಯಲ್ಲಿ ಮುಂದಿನ ಟ್ರಕ್ಕಿನ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ಉಸಿರು ಬಿಗಿಹಿಡಿದುಕೊಂಡು (ನಿಜವಾಗಿಯೂ ಬಿಗಿಹಿಡಿದುಕೊಂಡು, ಬಿಟ್ಟರೆ ಗಾಜು ಮುಚ್ಚುತ್ತದಲ್ಲ) ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ.

ಸಮೀಪದ ವರ್ಕ್‌ಶಾಪಿನಲ್ಲಿ ಹತ್ತು ನಿಮಿಷ ನೋಡಿದರು. ಹೀಟರ್ ಕೋರ್, ಅಂದರೆ ಒಳಗಿನ ಆ ಪುಟ್ಟ ರೇಡಿಯೇಟರ್, ಕಟ್ಟಿಕೊಂಡಿದೆ. ಹಳೆಯ ಗಾಡಿಗಳಲ್ಲಿ ಇದು ಮಾಮೂಲು. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು. 1,100 ಡಾಲರ್ ಆಗುತ್ತದೆ. ಇಷ್ಟು ಹೇಳಿ, ಕಾರನ್ನು ಇನ್ನೊಮ್ಮೆ ನೋಡಿ, ಇದಕ್ಕೆ ಅಷ್ಟು ಹಾಕುವುದು ನಿಮ್ಮಿಷ್ಟ ಎಂದರು. ಅವರು ಮಾತಾಡಿದ ರೀತಿಯಲ್ಲಿ ಕೆಡುಕೇನೂ ಇರಲಿಲ್ಲ. ತಿಂಗಳ ಸ್ಟೈಪೆಂಡಿನ ಅರ್ಧದಷ್ಟು ದುಡ್ಡದು. ಯೋಚನೆ ಮಾಡಿ ಹೇಳುತ್ತೇನೆ ಎಂದು ಬಂದೆ.

ಇಲ್ಲಿ ಅಪ್ಪನ ವಿಷಯ ಹೇಳಬೇಕು. ಅಪ್ಪ ಲಾರಿ ಡ್ರೈವರ್. ಇಪ್ಪತ್ತೆಂಟು ವರ್ಷ ಹಾಸನದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ, ಮಂಗಳೂರಿಂದ ಘಾಟಿ ಹತ್ತಿ ಹಾಸನಕ್ಕೆ. ಹೋಗುವಾಗ ಕಾಫಿ ಇಲ್ಲವೇ ಮರ, ಬರುವಾಗ ಗೊಬ್ಬರ ಇಲ್ಲವೇ ಹೆಂಚು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದ ಮೇಲೆ ಸ್ಟಿಯರಿಂಗ್ ಬಿಟ್ಟಿದ್ದಾನೆ. ನಮ್ಮನ್ನು ಅವನು ಲಾರಿ ಹತ್ತಿರ ಸುಳಿಯಗೊಟ್ಟವನಲ್ಲ. ಮನೆ ಮುಂದೆ ಗಾಡಿ ನಿಂತಿದ್ದಾಗ ನಾನು ಕ್ಯಾಬಿನ್ನಿಗೆ ಹತ್ತಲು ಹೋದರೆ ರೆಟ್ಟೆ ಹಿಡಿದು ಇಳಿಸುತ್ತಿದ್ದ. ಪಿ.ಯು.ಸಿ. ಮುಗಿದ ಮೇಲೆ ಡ್ರೈವಿಂಗ್ ಹೇಳಿಕೊಡು ಎಂದು ಕೇಳಿದ್ದಕ್ಕೆ, "ಈ ಕಸುಬು ನಂಗೇ ಸಾಕು. ನೀನು ಓದು," ಅಂದಿದ್ದ. ಡೀಸೆಲ್ ವಾಸನೆ ಮಕ್ಕಳ ಮೈಗೆ ಹತ್ತಿದರೆ ಬಿಡುವುದಿಲ್ಲ ಎಂಬುದು ಅವನ ಖಚಿತ ನಂಬಿಕೆ. ಅವನ ಜೊತೆಯವರ ಗಂಡುಮಕ್ಕಳು ಕ್ಲೀನರ್ ಆಗಿ ಹೋಗಿ ಹಾಗೇ ಉಳಿದದ್ದನ್ನು ನೋಡಿದವನು ಅವನು. ಹಾಗಾಗಿ ನಾನು ಓದಿದೆ. ಓದುತ್ತಾ ಓದುತ್ತಾ ಅವನಿಗೂ ನನಗೂ ಮಾತಾಡಲು ವಿಷಯವೇ ಇಲ್ಲದಂತಾಯಿತು. ಇಲ್ಲಿಗೆ ಬಂದ ಮೇಲಂತೂ ಫೋನಿನಲ್ಲಿ "ಉಂಡಾ?" "ಹ್ಞೂಂ, ಉಂಡೆ. ನೀನು?" "ಆಯ್ತು. ತಗೋ, ನಿಮ್ಮವ್ವಂಗೆ ಕೊಡ್ತೀನಿ." ಒಂದೂವರೆ ನಿಮಿಷ. ಕಾರು ಕೊಂಡೆ ಎಂದಾಗ ಮಾತ್ರ ಒಂದು ಪ್ರಶ್ನೆ ಹೆಚ್ಚಿಗೆ ಕೇಳಿದ್ದ: "ಎಷ್ಟು ಓಡಿದೆ?"

ಆ ಶನಿವಾರ ಸಂಜೆ ಏಳೂವರೆಗೆ, ಹಾಸನದಲ್ಲಿ ಭಾನುವಾರ ಬೆಳಿಗ್ಗೆ ಏಳು, ಫೋನ್ ಮಾಡಿದೆ. ಅವ್ವ ಎತ್ತಿಕೊಂಡಳು. ಅಪ್ಪನಿಗೆ ಕೊಡು ಎಂದೆ. ಅವಳಿಗೆ ಗಾಬರಿಯಾಗಿರಬೇಕು.

ಅಪ್ಪ ಹೀಟರ್ ಇರುವ ಗಾಡಿ ಓಡಿಸಿದವನೇ ಅಲ್ಲ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ನಾನು ವಿವರಿಸಿದಾಗ, "ಅಂದ್ರೆ ಒಳಗೊಂದು ಸಣ್ಣ ರೇಡಿಯೇಟ್ರು ಮಡಗವ್ರೆ," ಅಂದ. ಆಮೇಲೆ, "ಘಾಟೀಲಿ ಅಂಥದ್ದೊಂದು ಇದ್ದಿದ್ರೆ ಬಾಯ್ಲ್ ಆಗೋ ಹೊತ್ತಿಗೆ ಫ್ಯಾನ್ ಹಾಕ್ಕಂಡು ಬಿಸಿ ಎಳ್ಕೋಬೋದಿತ್ತು." ಬೇಸಿಗೆಯ ಊರುಗಳಲ್ಲಿ ಎಂಜಿನ್ ಕುದಿಯುವಾಗ ಹೀಟರ್ ಹಾಕಿ ತಾತ್ಕಾಲಿಕವಾಗಿ ಬಚಾವಾಗುವ ಉಪಾಯ ನಿಜವಾಗಿಯೂ ಇದೆ. ಅವನಿಗೆ ಅದು ಅರ್ಧ ನಿಮಿಷದಲ್ಲಿ ಹೊಳೆಯಿತು.

ಆಮೇಲೆ ಕೇಳತೊಡಗಿದ. ನೀರು ಎಷ್ಟಿದೆ? ತುಂಬ ಇದೆ, ಎಂಜಿನ್ ತಣ್ಣಗಿದ್ದಾಗ ನೋಡಿದ್ದೇನೆ. ಫ್ಯಾನ್ ಬೀಸ್ತದಾ? ಬೀಸ್ತದೆ. ಕಾಲಡಿ ಮ್ಯಾಟ್ ಒದ್ದೆ ಐತಾ? ಇಲ್ಲ. ಸಿಹಿ ವಾಸನೆ? ಇಲ್ಲ. ಅದನ್ನು ಕೇಳಲು ಅವನಿಗೆ ಹೊಳೆದದ್ದೇ ಆಶ್ಚರ್ಯ; ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ, ವಿಷ ಕೂಡ. ಕೋರ್ ಸೋರಿದರೆ ಕಾರಿನೊಳಗೆ ಪಾಕದ ವಾಸನೆ ಹೊಡೆಯುತ್ತದೆ. ಗೇಜು ಎಲ್ಲಿ ನಿಲ್ತದೆ?

"ನಿಂತಿದ್ದಾಗ ಅರ್ಧದ ಹತ್ರ ಬರ್ತದೆ. ಹೈವೇಗೆ ಹೋದ್ರೆ ಕೆಳಗಿಳೀತದೆ."

"ಓಡ್ಸಿದ್ರೆ ಇಳೀತದಾ? ಏರದಲ್ವಾ?"

"ಇಲ್ಲ, ಇಳೀತದೆ. ಸಿಗ್ನಲ್ಲಲ್ಲಿ ನಿಂತ್ರೆ ಮತ್ತೆ ಏರ್ತದೆ."

"ಮೈಲೇಜು?"

"ಕಮ್ಮಿ ಆಗಿದೆ. ಗ್ಯಾಲನ್ನಿಗೆ ಇಪ್ಪತ್ತೆಂಟು ಬರ್ತಿತ್ತು, ಈಗ ಇಪ್ಪತ್ತೆರಡು."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಹಿಂದೆ ಕುಕ್ಕರ್ ಕೂಗಿದ್ದು ಕೇಳಿಸಿತು. "ಕೋರೂ ಇಲ್ಲ ಏನೂ ಇಲ್ಲ ಕಣವ್ವ. ನಿನ್ ಗಾಡಿ ವಾಲ್ವ್ ಕಿತ್ತಿರೋ ಲಾರಿ ಥರ ಆಗೈತೆ."

ವಾಲ್ವ್ ಅಂದರೆ ಥರ್ಮೋಸ್ಟಾಟ್. ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಕೂತಿರುವ ಒಂದು ಪುಟ್ಟ ಬಾಗಿಲು. ಅದರ ಹೊಟ್ಟೆಯಲ್ಲಿ ಮೇಣ ಇರುತ್ತದೆ. ಎಂಜಿನ್ ತಣ್ಣಗಿರುವಾಗ ಬಾಗಿಲು ಮುಚ್ಚಿಕೊಂಡು ಕೂಲಂಟನ್ನು ರೇಡಿಯೇಟರಿಗೆ ಬಿಡುವುದಿಲ್ಲ, ಹಾಗಾಗಿ ಎಂಜಿನ್ ಬೇಗ ಬಿಸಿಯಾಗುತ್ತದೆ. ತಕ್ಕಷ್ಟು ಬಿಸಿಯಾದಾಗ ಮೇಣ ಕರಗಿ ಹಿಗ್ಗಿ ಬಾಗಿಲನ್ನು ತಳ್ಳುತ್ತದೆ. ಕರೆಂಟಿಲ್ಲ, ಕಂಪ್ಯೂಟರಿಲ್ಲ. ನಮ್ಮ ಕಡೆ ಹಳೆಯ ಲಾರಿ ಕುದಿಯುತ್ತದೆಂದು ಗ್ಯಾರೇಜಿಗೆ ಹೋದರೆ ಬಹಳಷ್ಟು ಮೆಕ್ಯಾನಿಕ್‌ಗಳು ಮೊದಲು ಮಾಡುವ ಕೆಲಸ ಈ ವಾಲ್ವನ್ನು ಕಿತ್ತು ಮೂಲೆಗೆ ಎಸೆಯುವುದು. ಬಾಗಿಲೇ ಇಲ್ಲದಿದ್ದರೆ ಮುಚ್ಚಿಕೊಳ್ಳುವ ಭಯವೂ ಇಲ್ಲವಲ್ಲ. ಆದರೆ ಅಂಥ ಲಾರಿ ಮಂಜಿನ ಬೆಳಗಿನಲ್ಲಿ ಇಳಿಜಾರು ಹಿಡಿದರೆ ಬಿಸಿಯೇ ಆಗುವುದಿಲ್ಲ, ಹೊಗೆ ಉಗುಳುತ್ತದೆ, ಡೀಸೆಲ್ ಕುಡಿಯುತ್ತದೆ. ಅಪ್ಪ ಅದನ್ನು ವರ್ಷಗಟ್ಟಲೆ ಓಡಿಸಿದ್ದಾನೆ. ಇಪ್ಪತ್ತೆಂಟು ವರ್ಷ ಎಂಜಿನ್ನನ್ನು ತಣ್ಣಗಿಡಲು ಒದ್ದಾಡಿದವನಿಗೆ, ಬಿಸಿಯಾಗದ ಎಂಜಿನ್ನಿನ ಲಕ್ಷಣವೂ ಅಷ್ಟೇ ಚೆನ್ನಾಗಿ ಗೊತ್ತಿತ್ತು. ನನ್ನ ಕಾರಿನಲ್ಲಿ ವಾಲ್ವನ್ನು ಯಾರೂ ಕಿತ್ತಿರಲಾರರು. ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರಬೇಕು. ಪರಿಣಾಮ ಒಂದೇ. ಹೆದ್ದಾರಿಯಲ್ಲಿ ಮೈನಸ್ ಇಪ್ಪತ್ತರ ಗಾಳಿ ರೇಡಿಯೇಟರಿಗೆ ರಾಚುತ್ತದೆ, ಬಾಗಿಲು ತೆರೆದೇ ಇರುವುದರಿಂದ ಕೂಲಂಟ್ ಎಲ್ಲ ತಣ್ಣಗಾಗುತ್ತದೆ, ಎಂಜಿನ್ನೇ ಚಳಿಯಲ್ಲಿ ನಡುಗುವಾಗ ನನಗೆಲ್ಲಿಯ ಬಿಸಿ?

ಅಪ್ಪನ ಮಾತನ್ನು ಹಾಗೇ ಒಪ್ಪಿಕೊಳ್ಳಲು ನಾನು ಸಿದ್ಧಳಿರಲಿಲ್ಲ. ಪರೀಕ್ಷೆ ಏನು ಎಂದು ಕೇಳಿದೆ. ಅದಕ್ಕೂ ಅವನಲ್ಲಿ ಉತ್ತರವಿತ್ತು. "ಬೆಳಿಗ್ಗೆ ಸ್ಟಾರ್ಟ್ ಮಾಡ್ಬುಟ್ಟು ರೇಡಿಯೇಟ್ರು ಮೇಲಿನ ಪೈಪ್ ಹಿಡ್ಕಂಡು ನಿಂತ್ಕೊ. ವಾಲ್ವ್ ಸರಿ ಇದ್ರೆ ಅದು ಬೋ ಹೊತ್ತು ತಣ್ಣಗೇ ಇರ್ತದೆ, ಆಮೇಲೆ ಒಂದೇ ಸಲಕ್ಕೆ ಸುಡ್ತದೆ. ಮೊದ್ಲಿಂದ್ಲೇ ಚೂರುಚೂರು ಬೆಚ್ಚಗಾಯ್ತಾ ಬಂದ್ರೆ ಬಾಗ್ಲು ತೆಗ್ದೇ ಐತೆ ಅಂತ ಲೆಕ್ಕ." ವೇಲ್ ಹಾಕಿಕೊಂಡು ಬಾನೆಟ್ ಒಳಗೆ ಬಗ್ಗಬೇಡ, ಫ್ಯಾನಿಗೆ ಸಿಗುತ್ತದೆ ಎಂದ. ಎಂಜಿನ್ ಬಿಸಿ ಇದ್ದಾಗ ಮುಚ್ಚಳ ಮಾತ್ರ ಬಿಚ್ಚಬೇಡ ಎಂದ. ಇದನ್ನು ಮೂರು ಸಲ ಹೇಳಿದ. ಅವನ ಬಲಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಟ್ಟ ಕಲೆಯಿದೆ. ಗುಂಡ್ಯದ ಹತ್ತಿರ ಆದದ್ದು ಎಂದಷ್ಟೇ ನಮಗೆ ಗೊತ್ತಿತ್ತು. ಒದ್ದೆ ಗೋಣಿಚೀಲ ಹಾಕಿ ತಿರುಗಿಸುವಾಗ ಚೀಲ ಜಾರಿತು ಎಂಬುದನ್ನು ಅವತ್ತು ಹೇಳಿದ.

ಭಾನುವಾರ ಬೆಳಿಗ್ಗೆ ಪಾರ್ಕಿಂಗ್ ಲಾಟಿನಲ್ಲಿ ಬಾನೆಟ್ ಎತ್ತಿ, ಕೈಚೀಲ ತೆಗೆದು, ಪೈಪ್ ಹಿಡಿದುಕೊಂಡು ನಿಂತೆ. ಮೂರನೇ ನಿಮಿಷಕ್ಕೇ ಪೈಪಿನ ಕೊರೆತ ಬಿಟ್ಟಿತ್ತು, ಐದನೆಯದಕ್ಕೆ ಉಗುರು ಬೆಚ್ಚಗೆ. ಗೇಜಿನ ಮುಳ್ಳು ಇನ್ನೂ ಮೇಲೇಳುವ ಮನಸ್ಸೇ ಮಾಡಿರಲಿಲ್ಲ. ಇನ್ನೊಂದು ಪರೀಕ್ಷೆಯನ್ನು ನಾನೇ ಓದಿ ತಿಳಿದುಕೊಂಡಿದ್ದೆ: ಎಂಜಿನ್ನಿನಿಂದ ಡ್ಯಾಶ್‌ಬೋರ್ಡಿನ ಕಡೆಗೆ ಹೋಗುವ ಆ ಎರಡು ಹೀಟರ್ ಪೈಪುಗಳನ್ನೂ ಮುಟ್ಟಿ ನೋಡುವುದು. ಒಂದು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ಕೋರ್ ಕಟ್ಟಿಕೊಂಡಿದೆ. ಎರಡೂ ಸುಡುತ್ತಿದ್ದು ಗಾಳಿ ಮಾತ್ರ ತಣ್ಣಗೆ ಬಂದರೆ, ಬಿಸಿಗಾಳಿಯನ್ನೂ ತಣ್ಣಗಾಳಿಯನ್ನೂ ಬೆರೆಸುವ ಒಳಗಿನ ರೆಕ್ಕೆ ಸಿಕ್ಕಿಕೊಂಡಿದೆ. ನನ್ನ ಕಾರಿನಲ್ಲಿ ಎರಡೂ ಒಂದೇ ಸಮ, ಬೇಸರದ ಉಗುರು ಬೆಚ್ಚಗೆ. ಅಲ್ಲಿಗೆ ಹರಿಯುತ್ತಿತ್ತು, ಬಿಸಿಯಾಗಿ ಹರಿಯುತ್ತಿರಲಿಲ್ಲ. 1,100 ಡಾಲರಿನ ಕೋರ್ ಪಾಪ ನಿರಪರಾಧಿ.

ಸಂಜೆ ವರದಿ ಒಪ್ಪಿಸಿದೆ. "ಸದ್ಯಕ್ಕೆ ರೇಡಿಯೇಟ್ರು ಮುಂದೆ ರಟ್ಟು ಕಟ್ಟು," ಅಂದ ಅಪ್ಪ. ಗಾಳಿ ಹೊಡೆಯುವುದು ಕಮ್ಮಿಯಾದರೆ ಎಂಜಿನ್ನು ಬಿಸಿ ಹಿಡಿದುಕೊಳ್ಳುತ್ತದೆ. ಪುಸ್ತಕದ ಪಾರ್ಸೆಲ್ ಬಂದಿದ್ದ ರಟ್ಟನ್ನು ಕತ್ತರಿಸಿ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮುಚ್ಚುವ ಹಾಗೆ ಸಿಕ್ಕಿಸಿ, ಹೆದ್ದಾರಿಗೆ ಹೋದೆ. ಮುಳ್ಳು ಏರಿತು. ಏರಿದ್ದು ಅಲ್ಲೇ ನಿಂತಿತು. ಒಂದು ತುಂಡು ರಟ್ಟು ರೋಗವನ್ನೂ ಗುರುತಿಸಿತು, ಅರ್ಧ ಔಷಧಿಯೂ ಆಯಿತು. ನನ್ನ ಲ್ಯಾಬಿನ ಗೆಳತಿಗೆ ಹೇಳಿದರೆ ಅವಳಿಗೇನೂ ವಿಶೇಷವೆನಿಸಲಿಲ್ಲ. ಅವಳು ಇದೇ ರಾಜ್ಯದ ಉತ್ತರದವಳು. ಅವಳ ತಾತ ಪ್ರತಿ ನವೆಂಬರಿನಲ್ಲಿ ಪಿಕಪ್ಪಿಗೆ ರಟ್ಟು ಕಟ್ಟುತ್ತಿದ್ದನಂತೆ. ಇಲ್ಲಿಯ ದೊಡ್ಡ ಟ್ರಕ್ಕುಗಳ ಮೂತಿಗೆ ಚಳಿಗಾಲದಲ್ಲಿ ಕ್ಯಾನ್ವಾಸಿನ ಮುಸುಕು ಹಾಕಿರುವುದನ್ನು ನಾನು ಅಲ್ಲಿಯವರೆಗೆ ಅಲಂಕಾರವೆಂದುಕೊಂಡಿದ್ದೆ.

ರಿಪೇರಿಯನ್ನು ಅವಳ ಮನೆಯ ಗ್ಯಾರೇಜಿನಲ್ಲಿ ಮಾಡಿದೆವು. ಥರ್ಮೋಸ್ಟಾಟಿಗೆ 16 ಡಾಲರ್, ಗ್ಯಾಸ್ಕೆಟಿಗೆ 4, ಒಂದು ಗ್ಯಾಲನ್ ಕೂಲಂಟಿಗೆ 18. ಬಕೆಟ್ ಇಟ್ಟು ಹಳೆಯ ಕೂಲಂಟ್ ಇಳಿಸಿ, ಎರಡು ಬೋಲ್ಟ್ ಬಿಚ್ಚಿ, ಮುಚ್ಚಳ ಎತ್ತಿದರೆ ಒಳಗೆ ಅವನು ಕೂತಿದ್ದ: ಕಂದು ಮಡ್ಡಿ ಮೆತ್ತಿಕೊಂಡು, ಬಾಯಿ ತೆರೆದುಕೊಂಡು. ಮೈನಸ್ ಚಳಿಯಲ್ಲಿ ರಾತ್ರಿಯೆಲ್ಲ ನಿಂತ ಎಂಜಿನ್ನಿನಲ್ಲಿ ಬಿಗಿಯಾಗಿ ಮುಚ್ಚಿಕೊಂಡಿರಬೇಕಾದ ಬಾಯಿ. ಬಕೆಟನ್ನು ಮುಚ್ಚಿ ಎತ್ತರದಲ್ಲಿಟ್ಟೆವು. ಸಿಹಿಗೆ ಮೋಸಹೋಗಿ ನಾಯಿಗಳು ನೆಕ್ಕಿ ಸಾಯುತ್ತವೆ, ಅವಳ ಮನೆಯಲ್ಲಿ ನಾಯಿಯಿತ್ತು.

ಹೊಸದನ್ನು ಹಾಕುವ ಮುಂಚೆ ಬಿಸಿನೀರಿನಲ್ಲಿ ಹಾಕಿ ನೋಡು ಎಂದು ಅಪ್ಪ ಹೇಳಿದ್ದ. ಅಂಗಡಿಯಿಂದ ತಂದದ್ದನ್ನು ನಂಬುವ ಜಾಯಮಾನ ಅವನದಲ್ಲ. ಹಳೆಯ ಪಾತ್ರೆಯೊಂದರಲ್ಲಿ ನೀರು ಕಾಯಿಸಿ, ಎರಡನ್ನೂ ದಾರ ಕಟ್ಟಿ ಇಳಿಬಿಟ್ಟು, ಥರ್ಮಾಮೀಟರ್ ಹಿಡಿದು ಇಬ್ಬರೂ ಒಲೆಯ ಮೇಲೆ ಬಗ್ಗಿ ನಿಂತೆವು. ಹೊಸದರ ಮೇಲೆ 195 ಎಂದು ಅಚ್ಚೊತ್ತಿತ್ತು, ಫ್ಯಾರನ್‌ಹೀಟ್. ಎಂಬತ್ತು ಡಿಗ್ರಿ ಸೆಲ್ಸಿಯಸ್ ದಾಟಿತು, ಏನೂ ಇಲ್ಲ. ಎಂಬತ್ತೆಂಟು, ಇಲ್ಲ. ತೊಂಬತ್ತೊಂದರ ಹತ್ತಿರ ಕೂದಲೆಳೆಯಷ್ಟು ಬೆಳಕು ಕಂಡಿತು, ಆಮೇಲೆ ನಿಧಾನವಾಗಿ ಬೆರಳು ತೂರಿಸುವಷ್ಟು ತೆರೆದುಕೊಂಡಿತು. ಒಲೆ ಆರಿಸಿದ ಮೇಲೆ ಅಷ್ಟೇ ನಿಧಾನವಾಗಿ ಮುಚ್ಚಿತು. ಹಳೆಯದು ಆದಿಯಿಂದ ಅಂತ್ಯದವರೆಗೆ ಹಾಗೇ ಬಾಯಿ ಬಿಟ್ಟುಕೊಂಡಿತ್ತು. ವೀಡಿಯೋ ಮಾಡಿ ಕಳಿಸಿದೆ. ಅಪ್ಪನಿಗೆ ಕಣ್ಣು ಅಷ್ಟಾಗಿ ಕಾಣದು, ಅವ್ವ ಪಕ್ಕದಲ್ಲಿ ಕೂತು ಏನಾಗುತ್ತಿದೆ ಎಂದು ಹೇಳಿದಳಂತೆ. "ನೂರಾ ತೊಂಬತ್ತೈದು ಡಿಗ್ರಿನಾ? ಅಷ್ಟೊತ್ತಿಗೆ ನಮ್ ಲಾರಿ ಸುಟ್ಟು ಬೂದಿ ಆಗಿರೋದು," ಎಂದು ನಕ್ಕ. ಫ್ಯಾರನ್‌ಹೀಟಿನ ಲೆಕ್ಕ ಹೇಳಿದೆ.

ಕೂಲಂಟ್ ಬೆರೆಸುವಾಗ ಒಂದು ಸಣ್ಣ ವಾದವಾಯಿತು. ಅಷ್ಟು ಚಳಿಯಾದರೆ ನೀರು ಯಾಕೆ, ಪೂರ್ತಿ ಕೂಲಂಟೇ ಹಾಕು ಎಂದ ಅಪ್ಪ. ಇದು ಮಾತ್ರ ನನ್ನ ವಿಷಯ. ಶುದ್ಧ ನೀರು ಸೊನ್ನೆಗೆ ಹೆಪ್ಪುಗಟ್ಟುತ್ತದೆ. ಶುದ್ಧ ಗ್ಲೈಕಾಲ್ ಮೈನಸ್ 13ರ ಸುಮಾರಿಗೆ. ಎರಡನ್ನೂ ಅರ್ಧರ್ಧ ಬೆರೆಸಿದರೆ ಮೈನಸ್ 37ರವರೆಗೆ ತಡೆಯುತ್ತದೆ. ಒಂದರ ಹರಳು ಕಟ್ಟುವ ಕೆಲಸಕ್ಕೆ ಇನ್ನೊಂದು ಅಡ್ಡ ಬರುತ್ತದೆ. ಅಪ್ಪ ಮತ್ತೆ ಸುಮ್ಮನಾದ. "ಎರಡೂ ಸೇರಿದ್ರೆ ಒಂದೊಂದಕ್ಕಿಂತ ಗಟ್ಟಿ," ಅಂದ. ಗಟ್ಟಿಯಾಗುವುದಿಲ್ಲ ಎನ್ನುವುದೇ ಅದರ ಗಟ್ಟಿತನ ಎಂದೆ. ಸರಿ ಸರಿ ಎಂದ.

ಕೊನೆಯ ಕೆಲಸ ಗಾಳಿ ತೆಗೆಯುವುದು. ಪೈಪಿನಲ್ಲಿ ಗುಳ್ಳೆ ಉಳಿದರೆ ಕೂಲಂಟ್ ಹರಿಯುವುದಿಲ್ಲ, ಹೀಟರ್ ಮತ್ತೆ ತಣ್ಣಗೆ. ಏರು ಡ್ರೈವ್‌ವೇಯಲ್ಲಿ ಮೂತಿ ಮೇಲಾಗಿ ನಿಲ್ಲಿಸಿ, ತಣ್ಣನೆಯ ಎಂಜಿನ್ನಿನ ಮುಚ್ಚಳ ತೆಗೆದಿಟ್ಟು, ಹೀಟರನ್ನು ಕೆಂಪಿನ ತುದಿಗೆ ತಿರುಗಿಸಿ ಸ್ಟಾರ್ಟ್ ಮಾಡಿದೆವು. ಬುಳುಕ್ ಬುಳುಕ್ ಎಂದು ಗುಳ್ಳೆ ಬಂದವು, ಮಟ್ಟ ಇಳಿಯಿತು, ತುಂಬಿಸಿದೆವು, ಮತ್ತೆ ಬಂದವು. ಅಪ್ಪ ಸ್ಪೀಕರಿನಲ್ಲಿದ್ದ. ಎಂಜಿನ್ನಿನ ಸದ್ದು ಕೇಳಿಸು ಎಂದ, ಫೋನನ್ನು ಬಾನೆಟ್ಟಿನ ಹತ್ತಿರ ಹಿಡಿದೆ. ಹಾಸನದಲ್ಲಿ ಆಗ ರಾತ್ರಿ ಎರಡು ಗಂಟೆ. "ಒಂದು ಟ್ಯಾಪೆಟ್ಟು ಲೂಸ್ ಐತೆ. ಇರ್ಲಿ, ಓಡ್ತದೆ," ಅಂದ. ಗೆಳತಿ ಒಳಗೆ ಕೂತು ಗಾಳಿಗೆ ಕೈ ಒಡ್ಡಿದ್ದವಳು ಕೈ ಹಿಂದಕ್ಕೆಳೆದುಕೊಂಡಳು.

ಆ ಚಳಿಗಾಲದ ಸ್ಯಾಂಪಲುಗಳು ತಪ್ಪಲಿಲ್ಲ. ಕಾರಿನ ವಿಷಯ ಮುಗಿದ ಮೇಲೂ ಅಪ್ಪ ಅವ್ವನಿಗೆ ಫೋನ್ ದಾಟಿಸುವುದನ್ನು ಸ್ವಲ್ಪ ತಡ ಮಾಡತೊಡಗಿದ. ದಿನಾ ನಸುಕಿಗೆ ಎದ್ದು ಹೋಗಿ ನೀನು ಅಲ್ಲಿ ಮಾಡುವುದೇನು ಎಂದು, ಮೂರು ವರ್ಷದಲ್ಲಿ ಮೊದಲ ಸಲ, ಕೇಳಿದ. ಹೇಳಿದೆ. ನೀರು 4 ಡಿಗ್ರಿಯಲ್ಲಿ ಅತಿ ಭಾರ, ಅದಕ್ಕೇ ಸರೋವರ ಮೇಲಿಂದ ಹೆಪ್ಪುಗಟ್ಟುತ್ತದೆ, ತಳದಲ್ಲಿ ನೀರು ನೀರಾಗಿಯೇ ಉಳಿಯುತ್ತದೆ, ಮೀನು ಬದುಕುತ್ತವೆ, ಆದರೆ ಐಸಿನ ಮೇಲೆ ಹಿಮ ಕೂತು ಬೆಳಕು ತಡೆದರೆ ಕೆಳಗೆ ಉಸಿರಿಗೆ ತತ್ವಾರ. ಮೆಂಡೋಟಾ ಸರೋವರ ಯಾವ ದಿನ ಹೆಪ್ಪುಗಟ್ಟಿತು, ಯಾವ ದಿನ ಕರಗಿತು ಎಂದು ಇಲ್ಲಿಯವರು 1850ರ ದಶಕದಿಂದ ಬರೆದಿಟ್ಟಿದ್ದಾರೆ, ಈಗೀಗ ಐಸಿನ ದಿನಗಳು ಕಮ್ಮಿಯಾಗುತ್ತಿವೆ. ಇಷ್ಟನ್ನೂ ಅವನು ಕೇಳಿದ. ಆದರೆ ಅವನ ಮನಸ್ಸು ನಿಂತದ್ದು, ಜನ ಐಸಿನ ಮೇಲೆ ಕಾರು ಓಡಿಸಿಕೊಂಡು ಹೋಗಿ ಮೀನು ಹಿಡಿಯುತ್ತಾರೆ ಎಂಬ ಮಾತಿಗೆ.

"ಲೋಡ್ ಲಾರಿ ತಡೀತದಾ?"

"ಎಷ್ಟು ಲೋಡು?"

"ಗಾಡಿ ಸೇರಿ ಹದಿನೈದು ಟನ್ ಅಂತ ಇಟ್ಕೊ."

ಇಲ್ಲಿ ಬಳಸುವ ಒಂದು ಸೂತ್ರವಿದೆ: ಐಸಿನ ದಪ್ಪವನ್ನು ಇಂಚಿನಲ್ಲಿ ವರ್ಗ ಮಾಡಿ 50ರಿಂದ ಗುಣಿಸಿದರೆ ಅದು ಹೊರಬಹುದಾದ ಭಾರ, ಪೌಂಡಿನಲ್ಲಿ. ಒಳ್ಳೆಯ, ಬಿರುಕಿಲ್ಲದ, ತಿಳಿ ಐಸಿಗೆ ಮಾತ್ರ. ಲೆಕ್ಕ ಹಾಕಿ, ಇಪ್ಪತ್ತಾರು ಇಂಚು ಬೇಕು ಎಂದೆ.

"ಈಗ ಎಷ್ಟೈತೆ?"

"ಹನ್ನೊಂದು."

ಅಪ್ಪ ಯೋಚಿಸಿದ. "ಹಂಗಾರೆ ಬ್ಯಾಡ," ಅಂದ. "ಸುತ್ತಾದ್ರೂ ಚಿಂತಿಲ್ಲ, ದಡದ ಮೇಲೇ ಹೋಗನ."